ಓದುಗರ ಪ್ರಶ್ನೆ, ನಮ್ಮ ಉತ್ತರ: ಪದ್ಯದ ಪುಸ್ತಕ, ಲೆಕ್ಕದ ಪುಸ್ತಕ

ಕವನ ಸಂಕಲನ, ಬಿಸಿನೆಸ್ ಪುಸ್ತಕ, ಆರ್ಥಿಕ ಇತಿಹಾಸದ ಪುಸ್ತಕ, ಈ ಮೂರನ್ನ ಕೈಗೆ ತಗೊಂಡಾಗ ನೀವು ಅದರಲ್ಲಿ ಏನನ್ನ ಹುಡುಕ್ತೀರಿ ಅಂತ ಹೋದ ಸಂಚಿಕೇಲಿ ಓದುಗರನ್ನ ಕೇಳಿದ್ವಿ. ಮೈಸೂರು, ಮಂಡ್ಯ ಕಡೆಯಿಂದ ಬಂದ ಕಾಗದಗಳಲ್ಲಿ ಬಹಳಷ್ಟು ಜನ ಉತ್ತರದ ಜೊತೆಗೆ ತಮ್ಮ ಪ್ರಶ್ನೇನೂ ಸೇರಿಸಿ ಕಳ್ಸಿದಾರೆ, ಅದೂ ಒಳ್ಳೊಳ್ಳೆ ಪ್ರಶ್ನೆಗಳು, ಹಾಗಾಗಿ ಈ ಸಲ ಪೂರ್ತಿ ಜಾಗ ಅವಕ್ಕೇ.

ಪ್ರಶ್ನೆ: ನಮಸ್ತೆ ಸರ್, ಮಂಡ್ಯದಲ್ಲಿ ಬಿ.ಕಾಂ. ಓದ್ತಿದೀನಿ, ಮುಂದೆ ಸ್ವಂತ ಬಿಸಿನೆಸ್ ಮಾಡ್ಬೇಕು ಅಂತ ಆಸೆ. ಫ್ರೆಂಡ್ಸ್ ಎಲ್ಲ ಹೀಗೆ ಗೆದ್ದೆ ಹಾಗೆ ಗೆದ್ದೆ ಅನ್ನೋ ಪುಸ್ತಕಗಳನ್ನೇ ಕೊಡ್ತಾರೆ, ಓದೋವಾಗ ಜೋಶ್ ಬರತ್ತೆ, ಆಮೇಲೆ ತಲೇಲಿ ಏನೂ ಉಳಿಯಲ್ಲ. ಒಳ್ಳೇ ಬಿಸಿನೆಸ್ ಪುಸ್ತಕ ಅಂತ ಗುರುತು ಹಿಡಿಯೋದು ಹೇಗೆ? (ವಿದ್ಯಾರ್ಥಿ, ಮಂಡ್ಯ)

ಉತ್ತರ: ನೋಡಪ್ಪ, ಪುಸ್ತಕ ತೆಗೆದ ತಕ್ಷಣ ಅದರಲ್ಲಿ ದುಡ್ಡಿನ ಮಾತು ಎಲ್ಲೆಲ್ಲಿದೆ ಅಂತ ಹುಡುಕು. ಮೊದಲ ಬಂಡವಾಳ ಮನೆಯವರು ಕೊಟ್ರಾ, ಬ್ಯಾಂಕ್ ಕೊಡ್ತಾ, ಬಡ್ಡಿ ಎಷ್ಟಿತ್ತು, ಸಾಲಕ್ಕೆ ಮಾಲು ಕೊಟ್ಟು ವಸೂಲಾಗೋಕೆ ಎಷ್ಟು ತಿಂಗಳು ಕಾಯ್ಬೇಕಾಯ್ತು, ಆ ತಿಂಗಳುಗಳಲ್ಲಿ ಕೆಲಸದವರ ಸಂಬಳ ಎಲ್ಲಿಂದ ಕೊಟ್ರು, ಇದೆಲ್ಲ ಇಲ್ಲದೆ ಬರೀ ಛಲ, ಕನಸು, ಬೆಳಗ್ಗೆ ಐದಕ್ಕೆ ಏಳೋದು ಅಂತಿದ್ರೆ ಅದನ್ನ ಅಲ್ಲೇ ಇಟ್ಟುಬಿಡು. ಇನ್ನೊಂದು, ಗೆದ್ದೋರು ಮಾತ್ರ ಪುಸ್ತಕ ಬರೀತಾರೆ, ಅದೇ ಛಲ ಇಟ್ಕೊಂಡು ಅಂಗಡಿ ಮುಚ್ಚಿದೋರ ಕಥೆ ಯಾರೂ ಅಚ್ಚು ಹಾಕಿಸಲ್ಲ, ಹಾಗಾಗಿ ಛಲದಿಂದ್ಲೇ ಗೆದ್ರು ಅನ್ನೋದಕ್ಕೆ ನಮ್ಮ ಹತ್ರ ಪುರಾವೆ ಇರಲ್ಲ.

ಪಕ್ಕದ ಊರಿನ ಉದಾಹರಣೆನೇ ತಗೋ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1960ರ ದಶಕದ ಶುರುವಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಕಂಪನಿ ತಂತ್ರಜ್ಞಾನ ತಗೊಂಡು ಬೈಕ್ ಮಾಡೋಕೆ ನಿಂತಿತು, ಆಮೇಲೆ ಯೆಜ್ಡಿ ಅಂತ ಸ್ವಂತ ಹೆಸರು ಇಟ್ಕೊಂಡಿತು, ಆ ಸೌಂಡಿಗೆ ಮರುಳಾದೋರು ಮೈಸೂರಲ್ಲಿ ಇವತ್ತಿಗೂ ಇದಾರೆ. 1980ರ ದಶಕದಲ್ಲಿ ಜಪಾನ್ ಕಂಪನಿಗಳ ಜೊತೆ ಸೇರಿ ತಯಾರಾದ, ಪೆಟ್ರೋಲ್ ಕಮ್ಮಿ ಕುಡಿಯೋ 100 ಸಿಸಿ ಬೈಕುಗಳು ಬಂದ್ವು, ಹೊಗೆ ನಿಯಮಗಳೂ ಬಿಗಿಯಾದ್ವು, 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಅದೇ ಊರಲ್ಲಿ 1937ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು, ಬಣ್ಣದ ಕಾರ್ಖಾನೆಯಾಗಿ ಶುರುವಾದ ಮೈಸೂರ್ ಪೇಂಟ್ಸ್ ಇದೆ, 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಹಚ್ಚೋ ಅಳಿಸದ ಶಾಯಿ ಅಲ್ಲಿಂದ್ಲೇ ಬರ್ತಿದೆ. ಜಾವಾದವರು ದಡ್ಡರು, ಪೇಂಟ್ಸಿನವರು ಬುದ್ಧಿವಂತರು ಅಂತ ಇದರರ್ಥ ಅಲ್ಲ, ಒಬ್ಬರ ಗಿರಾಕಿ ಇಡೀ ದೇಶದ ಬೈಕ್ ಮಾರ್ಕೆಟ್ಟು, ಇನ್ನೊಬ್ಬರ ಶಾಯಿಗೆ ಗಿರಾಕಿ ಚುನಾವಣಾ ಆಯೋಗ. ಈ ವ್ಯತ್ಯಾಸ ಬಿಡಿಸಿ ಹೇಳೋ ಪುಸ್ತಕ ಸಿಕ್ರೆ ಅದು ಹಳೇದಾದ್ರೂ ಸರಿ, ಹರಿದಿದ್ರೂ ಸರಿ, ಮನೆಗೆ ತಗೊಂಡು ಹೋಗು.

ಪ್ರಶ್ನೆ: ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದೋನು ನಾನು. ಹೊಸ ಕವಿತೆಗಳು ಬಹಳಷ್ಟು ಅರ್ಥ ಆಗಲ್ಲ. ಅರ್ಥ ಆಗದೆ ಇದ್ರೂ ಓದ್ಬೇಕಾ, ಅದಕ್ಕೆ ಏನಾದ್ರೂ ಬೆಲೆ ಇದೆಯಾ? (ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಸರ್, ಮೊದಲು ಜೋರಾಗಿ ಓದಿ, ಮನೇಲಿ ಯಾರಾದ್ರೂ ಇದ್ರೆ ಅವರಿಗೆ ಕೇಳಿಸೋ ಹಾಗೆ. ಅರ್ಥ ಪೂರ್ತಿ ಆಗದಿದ್ರೂ ಒಂದು ಸಾಲು ನಾಲಿಗೆ ಮೇಲೆ ಕೂತ್ಕೊಂಡ್ರೆ, ಮಾರನೇ ದಿನ ವಾಕಿಂಗ್ ಹೋಗುವಾಗ ತಾನಾಗೇ ಬಂದ್ರೆ, ಆ ಪದ್ಯ ನಿಮ್ಮದು. ಬರಲಿಲ್ವಾ, ಬಿಟ್ಟು ಮುಂದಿನದಕ್ಕೆ ಹೋಗಿ, ಅದರಲ್ಲಿ ತಪ್ಪೇನೂ ಇಲ್ಲ.

ಆದ್ರೆ ಸುಲಭವಾಗಿ ಅರ್ಥ ಆಗೋದೆಲ್ಲ ಸಣ್ಣದು ಅಂತ ಮಾತ್ರ ಅಂದ್ಕೊಬೇಡಿ. ನಮ್ಮ ಮಂಡ್ಯ ಜಿಲ್ಲೆ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆ 1942ರಲ್ಲಿ ಬಂತು, ಅವತ್ತಿಂದ ಜನ ಅದನ್ನ ಬಿಟ್ಟಿಲ್ಲ, ಮದುವೆಗೆ ಉಡುಗೊರೆ ಕೊಡ್ತಾರೆ, ಹಾಡ್ತಾರೆ. ಅದರಲ್ಲಿ ಬಳೆಗಾರ ಚೆನ್ನಯ್ಯ ಬರ್ತಾನಲ್ಲ, ತವರಲ್ಲಿರೋ ಹೆಂಡತಿ ಸುದ್ದಿ ಹೊತ್ಕೊಂಡು ಗಂಡನ ಮನೆ ಬಾಗಿಲಿಗೆ, ಅವನನ್ನ ಒಂದು ನಿಮಿಷ ನೋಡಿ. ಆರ್ಥಿಕ ಇತಿಹಾಸ ಬರೆಯೋರು ಕೇಳೋದು ಆ ಬಳೆಗಾರ ಬಳೆ ಎಲ್ಲಿಂದ ತರ್ತಿದ್ದ, ಎಷ್ಟು ಊರು ಸುತ್ತುತಿದ್ದ, ದುಡ್ಡು ತಗೋತಿದ್ನಾ ರಾಗಿ ತಗೋತಿದ್ನಾ ಅಂತ. ಕವಿ ಹೇಳೋದು ಅವನು ಬಾಗಿಲಲ್ಲಿ ಹೇಗೆ ನಿಂತ, ಒಳಗೆ ಬರೋಕೆ ಹೇಗೆ ಅಪ್ಪಣೆ ಕೇಳ್ದ ಅಂತ. ಊರೂರು ಸುತ್ತಿ ಮಾರೋನು ಬರೀ ಸರಕಷ್ಟೇ ಅಲ್ಲ, ಹೆಣ್ಮಕ್ಕಳ ಸುದ್ದೀನೂ ಹೊರ್ತಿದ್ದ ಅನ್ನೋದು ಯಾವ ಸರ್ಕಾರಿ ವರದೀಲೂ ಇಷ್ಟು ಚೆನ್ನಾಗಿ ಸಿಗಲ್ಲ. ಬ್ಯಾಂಕಿನ ಕೌಂಟರ್ ಆಚೆ ನಿಂತಿದ್ದ ಮುಖಗಳನ್ನ ವರ್ಷಗಟ್ಟಲೆ ನೋಡಿರೋ ನಿಮಗೆ ಇದು ನಮಗಿಂತ ಚೆನ್ನಾಗಿ ಗೊತ್ತಾಗತ್ತೆ.

ಪ್ರಶ್ನೆ: ಸಾ, ನಾವು ಪಾಂಡವಪುರದ ಕಡೇರು, ಕಬ್ಬು ಭತ್ತ ಬೆಳೆಯೋರು. ಆರ್ಥಿಕ ಇತಿಹಾಸ ಅಂದ್ರೆ ಆಫೀಸರ್‌ಗಳು, ಪ್ರೊಫೆಸರ್‌ಗಳು ಓದೋದು ಅನ್ಕಂಡಿವ್ನಿ. ನಮ್ಮಂತೋರು ಓದುದ್ರೆ ಏನ್ ಸಿಕ್ತದೆ, ಕಬ್ಬಿನ ರೇಟ್ ಜಾಸ್ತಿ ಆಯ್ತದಾ? (ರೈತರು, ಪಾಂಡವಪುರ ತಾಲ್ಲೂಕು)

ಉತ್ತರ: ಯಜಮಾನ್ರೇ, ರೇಟ್ ಜಾಸ್ತಿ ಆಗಲ್ಲ, ಆದ್ರೆ ರೇಟ್ ಯಾಕೆ ಇಷ್ಟೇ ಅಂತ ಕೇಳೋ ದಾರಿ ಸಿಗತ್ತೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 355 ರೂಪಾಯಿ ಎಫ್‌ಆರ್‌ಪಿ (ಫ್ಯಾಕ್ಟರಿ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ) ಇಟ್ಟಿತ್ತು, ಅದೂ ಶೇ. 10.25 ರಿಕವರಿ, ಅಂದ್ರೆ ಕಬ್ಬಿನ ತೂಕದಲ್ಲಿ ಅಷ್ಟು ಪಾಲು ಸಕ್ಕರೆ ಇದ್ರೆ. ಕಬ್ಬು ನಿಮ್ಮ ಗದ್ದೇದು, ರಿಕವರಿ ಅಳತೆ ಫ್ಯಾಕ್ಟರೀದು, ರೇಟು ದೆಹಲೀದು, ಈ ಮೂರು ಹೀಗೆ ಬೇರೆ ಬೇರೆ ಕಡೆ ಹೋಗಿದ್ದು ಯಾವಾಗ, ಯಾರ ಅನುಕೂಲಕ್ಕೆ ಅನ್ನೋದು ಪಕ್ಕಾ ಆರ್ಥಿಕ ಇತಿಹಾಸದ ಪ್ರಶ್ನೆ.

ಇನ್ನು ನಿಮ್ಮ ಗದ್ದೆಗೆ ಬರೋ ನೀರು. ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) 124 ಅಡಿ ತುಂಬ್ತಾ ಅಂತ ಪೇಪರ್ ನೋಡೋ ಜನ ನಾವು, ಆ ಕಟ್ಟೆ ಕಟ್ಟೋಕೆ ಶುರು ಮಾಡಿದ್ದು 1911ರಲ್ಲಿ, ಮುಗಿಯೋಕೆ ಇಪ್ಪತ್ತು ವರ್ಷ ಹಿಡೀತು, ಸಿಮೆಂಟಿಲ್ಲದೆ ಸುರ್ಕಿ (ಇಟ್ಟಿಗೆ ಪುಡಿ, ಸುಣ್ಣ) ಗಾರೇಲಿ. ವಿಶ್ವೇಶ್ವರಯ್ಯನವರ ಹೆಸರು ಎಲ್ಲರಿಗೂ ಗೊತ್ತು, ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೋ ಮನೆಮನೇಲಿದೆ. ಆದ್ರೆ ಅಷ್ಟು ದುಡ್ಡು ಹಾಕೋಕೆ ಖಜಾನೆ ಹಿಂದೆಮುಂದೆ ನೋಡಿದಾಗ ವಿದ್ಯುತ್ತಿನ ಆದಾಯ ಎಷ್ಟು ಮುಖ್ಯವಾಯ್ತು ಗೊತ್ತಾ? ಶಿವನಸಮುದ್ರದಲ್ಲಿ 1902ರಿಂದ್ಲೇ ಕರೆಂಟ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗ್ತಿತ್ತು, ಬೇಸಿಗೇಲಿ ಹೊಳೆ ಬತ್ತಿದ್ರೆ ಅಲ್ಲಿಗೆ ಒಂದೇ ಸಮ ನೀರು ಬೇಕಲ್ಲ, ಕನ್ನಂಬಾಡೀಲಿ ನೀರು ನಿಲ್ಲಿಸೋ ವಾದಕ್ಕೆ ಅದೂ ಒಂದು ದೊಡ್ಡ ಬಲ. ಗದ್ದೆಗೆ ನೀರು ಆಮೇಲೆ ಬಂತು, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಹುಳಿಕೆರೆ ಹತ್ರ ಸುರಂಗ ಕೊರೆದು ಹರಿಸಿದ ಇರ್ವಿನ್ ನಾಲೇಲಿ, ಅದೇ ಈಗಿನ ವಿಶ್ವೇಶ್ವರಯ್ಯ (ವಿ.ಸಿ.) ನಾಲೆ. ನೀರು ಬಂದ್ಮೇಲೆ ಏನು ಬೆಳೀಬೇಕು ಅನ್ನೋ ಪ್ರಶ್ನೆ ಬಂತು, ಕೃಷಿ ಇಲಾಖೆ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕಬ್ಬು ಅಂದ್ರು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆಯ್ತು, ರೈತರೇ ಷೇರು ತಗೊಂಡ್ರು, 1939ರಲ್ಲಿ ಮಂಡ್ಯನೇ ಬೇರೆ ಜಿಲ್ಲೆ ಆಯ್ತು. ಕಟ್ಟೆ, ನಾಲೆ, ಕಬ್ಬು, ಫ್ಯಾಕ್ಟರಿ, ಜಿಲ್ಲೆ, ಒಂದರ ಹಿಂದೆ ಒಂದು.

ಇದನ್ನ ಬರೀ ಸಾಧನೆ ಅಂತ ಬರೆದ ಪುಸ್ತಕಗಳು ಬೇಕಾದಷ್ಟಿವೆ. ನಮಗೆ ಬೆಲೆ ಅನ್ಸೋದು ಮುಳುಗಿದ ಹಳೇ ಕನ್ನಂಬಾಡಿಯವರು ಎಲ್ಲಿಗೆ ಹೋದ್ರು, ಅವರಿಗೆ ಎಕರೆಗೆ ಏನು ಸಿಕ್ತು, ನಾಲೆ ಬಂದ ಊರಲ್ಲಿ ಮಲೇರಿಯಾ ಬಂತಾ, ನೀರು ಸಿಗದ ನಾಗಮಂಗಲದ ರಾಗಿ ಹೊಲದೋನಿಗೂ ನಾಲೆ ಬಯಲಿನೋನಿಗೂ ಅಂತರ ಎಷ್ಟು ಬೆಳೀತು ಅಂತ ಕೇಳೋ ಪುಸ್ತಕ.

ಹಳೆಯ ಬರಹಗಳಲ್ಲಿ ಒಂದನ್ನ ಹೇಳ್ಬೇಕು ಅಂದ್ರೆ, ಟಿಪ್ಪು ಬಿದ್ದ ಮಾರನೇ ವರ್ಷ, 1800-01ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರು ಈಸ್ಟ್ ಇಂಡಿಯಾ ಕಂಪನಿ ಪರವಾಗಿ ನಮ್ಮ ಸೀಮೆಯೆಲ್ಲ ಸುತ್ತಿ ಬರೆದದ್ದು 1807ರಲ್ಲಿ ಮೂರು ಸಂಪುಟವಾಗಿ ಲಂಡನ್‌ನಲ್ಲಿ ಅಚ್ಚಾಯ್ತು. ಶ್ರೀರಂಗಪಟ್ಟಣದ ಸುತ್ತ ರಾಗಿ ಹೇಗೆ ಬಿತ್ತುತಾರೆ, ಉಳುವ ಆಳಿಗೆ ಕೂಲಿ ಏನು, ರಸದಾಳಿ, ಪಟ್ಟಾಪಟ್ಟಿ ಅನ್ನೋ ಕಬ್ಬಿನ ತಳಿಗಳು, ಎಲ್ಲ ಇದೆ. ಕಂಪನಿಗೆ ಎಷ್ಟು ಕಂದಾಯ ಹುಟ್ಟತ್ತೆ, ಯಾವ ಸರಕು ಸಿಗತ್ತೆ ಅನ್ನೋ ಕಣ್ಣಲ್ಲಿ ನೋಡಿ ಬರೆದದ್ದು, ಅದನ್ನ ಮನಸಲ್ಲಿಟ್ಟುಕೊಂಡೇ ಓದ್ಬೇಕು. ಆದ್ರೂ ನಿಮ್ಮಂಥ ಬೇಸಾಯಗಾರರು ಅದನ್ನ ಓದಿದ್ರೆ ಇದು ಸರಿ, ಇದು ಅವನಿಗೆ ಗೊತ್ತಾಗಿಲ್ಲ ಅಂತ ಸಾಲುಸಾಲಿಗೂ ಹೇಳಬಲ್ಲಿರಿ, ಆ ಕೆಲಸ ಪ್ರೊಫೆಸರ್‌ಗಳಿಗೆ ಕಷ್ಟ.

ಧಾತು ಈಶ್ವರದ ಬರ ಅಂತ ಹಳಬರ ಬಾಯಲ್ಲಿ ಕೇಳಿರ್ತೀರಿ, ಅದು 1876-78ರದ್ದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತೀಲಿ 50 ಲಕ್ಷದ ಮೇಲಿತ್ತು, 1881ರ ಗಣತೀಲಿ 42 ಲಕ್ಷಕ್ಕಿಂತ ಕಮ್ಮಿ. ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣು ಹೊತ್ತೋರಲ್ಲಿ ಆ ಬರಕ್ಕೆ ಸಿಕ್ಕಿ ಕೂಲಿಗೆ ಬಂದೋರಿದ್ರು. ಆ ರೈಲಲ್ಲಿ ದಿನಾ ಮಂಡ್ಯ, ಪಾಂಡವಪುರ ಸ್ಟೇಷನ್ ದಾಟಿ ಓಡಾಡೋ ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು ಅಂತ ನಮಗೆ ತುಂಬಾ ಅನ್ಸುತ್ತೆ.

ಪ್ರಶ್ನೆ: ಹೈಸ್ಕೂಲ್ ಮೇಷ್ಟ್ರು ನಾನು. ಹಣಕಾಸಿನ ವಿಚಾರದ ದೊಡ್ಡ ಪುಸ್ತಕಗಳೆಲ್ಲ ಹೊರಗಿನವು, ನಮ್ಮ ಊರಿಗೂ ಅವಕ್ಕೂ ಸಂಬಂಧ ಇಲ್ಲ ಅಂತ ಮಕ್ಕಳು ಅಂತಾರೆ. ಏನು ಹೇಳಲಿ? (ಶಿಕ್ಷಕರು, ನಂಜನಗೂಡು)

ಉತ್ತರ: ಮೇಷ್ಟ್ರೇ, ಮಕ್ಕಳನ್ನ ಒಂದ್ಸಲ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಕರ್ಕೊಂಡು ಹೋಗಿ. 1891ರಲ್ಲಿ ಶುರುವಾದ ಆ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇದೆ ಅಂತ 1905ರಲ್ಲಿ ಗುರುತು ಹಿಡಿದೋರು ಅಲ್ಲಿನ ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಮೂಲ ಅಚ್ಚಾಯ್ತು, 1915ರಲ್ಲಿ ಇಂಗ್ಲಿಷಿಗೆ ಬಂತು, ಅಲ್ಲಿವರೆಗೂ ಆ ಪುಸ್ತಕ ಕಳೆದೇಹೋಯ್ತು ಅಂತ ಲೋಕ ಅಂದ್ಕೊಂಡಿತ್ತು. ಅದರಲ್ಲಿ ಮಂತ್ರಿಗೆ ವರ್ಷಕ್ಕೆ 48,000 ಪಣ, ದನ ಕಾಯೋ ಆಳಿನಂಥೋರಿಗೆ 60 ಪಣ ಸಂಬಳ ಅಂತಿದೆ, ಸರ್ಕಾರಿ ದುಡ್ಡು ನುಂಗೋಕೆ 40 ದಾರಿ ಅಂತ ಪಟ್ಟಿ ಇದೆ. ಮಕ್ಕಳ ಕೈಲಿ ಆ ಸಂಬಳದ ಭಾಗಾಕಾರ ಮಾಡಿಸಿ, 800 ಪಟ್ಟು ಬರತ್ತೆ, ಆಮೇಲೆ ಅವರೇ ಪ್ರಶ್ನೆ ಕೇಳ್ತಾರೆ.

ಪ್ರಶ್ನೆ: ಗೃಹಿಣಿ ನಾನು, ಪದ್ಯ ಅಂದ್ರೆ ಪ್ರಾಣ, ಮನೆ ಖರ್ಚಿನ ಲೆಕ್ಕಾನೂ ನಂದೇ. ಎರಡೂ ಒಟ್ಟಿಗೆ ಸಿಗೋ ಪುಸ್ತಕ ಇದೆಯಾ? (ಓದುಗರು, ಶ್ರೀರಂಗಪಟ್ಟಣ)

ಉತ್ತರ: ವಚನಗಳಮ್ಮ. ಬರೆದೋರು ನೇಯೋರು, ಹಗ್ಗ ಹೊಸೆಯೋರು, ದೋಣಿ ನಡೆಸೋರು, ಬಸವಣ್ಣನವರೇ ಬಿಜ್ಜಳನ ಭಂಡಾರದ ಲೆಕ್ಕ ನೋಡ್ತಿದ್ದೋರು. ಮೊದಲು ಆಯ್ದಕ್ಕಿ ಲಕ್ಕಮ್ಮನ ವಚನಗಳನ್ನ ಓದಿ. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರ್ತಿದ್ದ, ಒಂದಿನ ಬೇಕಾದ್ದಕ್ಕಿಂತ ಜಾಸ್ತಿ ತಂದಾಗ ಈ ಆಸೆ ನಮಗೆ ಬೇಡ, ಎಲ್ಲಿಂದ ತಂದ್ಯೋ ಅಲ್ಲೇ ಸುರಿದು ಬಾ ಅಂದೋಳು ಆಕೆ. ಮನೆಗೆ ಎಷ್ಟು ಸಾಕು ಅನ್ನೋ ಲೆಕ್ಕ ಆಕೆ ಕೈಲಿತ್ತು, ಹಾಗಾಗಿ ಆ ಮಾತು ಆಕೆ ಬಾಯಲ್ಲಿ ಬಂತು. ನಿಮಗೆ ಅದು ಬೇಗ ಹಿಡಿಸತ್ತೆ.

ಪ್ರಶ್ನೆ: ಸಂತೇಪೇಟೇಲಿ ನಮ್ಮದು ದಿನಸಿ ಅಂಗಡಿ. ತಾತನ ಕಾಲದ ಕಿರ್ದಿ, ಖಾತೆ ಪುಸ್ತಕಗಳು ಅಟ್ಟದ ಮೇಲೆ ಕಟ್ಟುಕಟ್ಟು ಬಿದ್ದಿವೆ, ಮಗ ರದ್ದಿಗೆ ಹಾಕೋಣ ಅಂತಾನೆ. ಇವಕ್ಕೆ ಏನಾದ್ರೂ ಬೆಲೆ ಇದೆಯಾ? (ವ್ಯಾಪಾರಿ, ಮೈಸೂರು)

ಉತ್ತರ: ದಯವಿಟ್ಟು ಹಾಕಬೇಡಿ! ಈ ಸಲ ಬಂದ ಕಾಗದಗಳಲ್ಲಿ ನಮ್ಮನ್ನ ಎದ್ದು ಕೂರೋ ಹಾಗೆ ಮಾಡಿದ್ದು ನಿಮ್ಮದೇ. ಸರ್ಕಾರದ ವರದೀಲಿ ಇಡೀ ಜಿಲ್ಲೆಯ ಲೆಕ್ಕ ಸಿಗತ್ತೆ, ಆದ್ರೆ ಒಂದು ಬೀದಿಯ ಜನ ಹಬ್ಬಕ್ಕೆ ಎಷ್ಟು ಬೆಲ್ಲ ಒಯ್ದರು, ಯಾರು ಸಾಲ ಹೇಳಿದ್ರು, ಯಾವ ತಿಂಗಳಲ್ಲಿ ತೀರಿಸಿದ್ರು ಅನ್ನೋದು ನಿಮ್ಮ ಅಟ್ಟದ ಮೇಲೆ ಮಾತ್ರ ಇದೆ.

ಒಂದು ಪುಸ್ತಕ ತೆಗೆದು ದುಡ್ಡಿನ ಅಂಕಣ ನೋಡಿ. ರೂಪಾಯಿ, ಆಣೆ, ಪೈ ಅಂತ ಮೂರು ಮನೆ ಇದ್ರೆ ಅದು ಹೆಚ್ಚುಕಮ್ಮಿ 1957ಕ್ಕಿಂತ ಹಿಂದಿನದು, ಆ ವರ್ಷ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು, ಅಲ್ಲಿವರೆಗೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಮಣ, ಸೇರು ಹೋಗಿ ಕೆ.ಜಿ. ಬಂದಿದ್ದು 1958ರಿಂದ ಮುಂದೆ ಸ್ವಲ್ಪ ಸ್ವಲ್ಪವಾಗಿ. ಹಾಗಾಗಿ ದುಡ್ಡು ಪೈಸೇಲಿ, ತೂಕ ಮಾತ್ರ ಇನ್ನೂ ಸೇರಲ್ಲಿ ಬರೆದ ಪುಟ ಸಿಕ್ರೆ ಆ ಕೆಲವೇ ವರ್ಷಗಳದ್ದು ಅಂತ ಹೇಳಬಹುದು, ಅಂಥ ಪುಟ ತುಂಬಾ ಅಪರೂಪ. ಇನ್ನೂ ಅದೃಷ್ಟ ಇದ್ರೆ ಕಡತ ಸಿಗಬಹುದು, ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಕಪ್ಪಗೆ ಮಾಡಿ ಬಳಪದಲ್ಲಿ ಬರೀತಿದ್ದ ಮಡಿಕೆ ಪುಸ್ತಕ, ಅದನ್ನ ಮಾತ್ರ ಒರೆಸೋಕೆ ಹೋಗಬೇಡಿ, ಅಕ್ಷರ ಅಳಿಸಿಹೋಗತ್ತೆ.

ಹರಿದ ಹಾಳೆಗೆ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಬೇಡ, ನಂಬರ್ ಹಾಕ್ಬೇಕಾದ್ರೆ ಪೆನ್ಸಿಲಲ್ಲಿ ಹಾಕಿ. ಅಟ್ಟದಿಂದ ಇಳಿಸಿ ತೇವ ಇಲ್ಲದ ಜಾಗದಲ್ಲಿ, ನೆಲದಿಂದ ಮೇಲೆ ಇಡಿ. ಮೊಬೈಲಲ್ಲಿ ಒಂದೊಂದೇ ಪುಟ ಹಗಲು ಬೆಳಕಲ್ಲಿ ಫೋಟೋ ತೆಗೆದು ಇಟ್ಕೊಳೋಕೆ ಮಗನಿಗೇ ಹೇಳಿ, ಎಡಕ್ಕೆ ಜಮಾ ಬಲಕ್ಕೆ ಖರ್ಚು ಅಂತ ನೀವು ಪಕ್ಕದಲ್ಲಿ ಕೂತು ಓದಿ ತೋರಿಸಿ, ಆ ಮೋಡಿ ಅಕ್ಷರ, ಆ ಗುರುತುಗಳು ನಿಮ್ಮ ತಲೆಮಾರಿಗೆ ಬಿಟ್ರೆ ಇನ್ಯಾರಿಗೂ ಬರಲ್ಲ. ಸಾಲದ ಖಾತೇಲಿ ಇರೋರ ಮೊಮ್ಮಕ್ಕಳು ಇವತ್ತೂ ಅದೇ ಬೀದೀಲಿ ಇರಬಹುದು, ಹಾಗಾಗಿ ಹೆಸರಿರೋ ಪುಟ ಯಾರಿಗೂ ತೋರಿಸಬೇಡಿ. ಮಾನಸಗಂಗೋತ್ರಿಯ ಇತಿಹಾಸ ವಿಭಾಗದಲ್ಲಿ ಹೋಗಿ ವಿಚಾರಿಸಿ, ಕೊಡೋದು ಬಿಡೋದು ಆಮೇಲೆ ನಿಮ್ಮಿಷ್ಟ. ಬೆಲ್ಲ, ಅಕ್ಕಿ, ಸೀಮೆಎಣ್ಣೆ ದರ ಬರೆದಿರೋ ಒಂದು ಪುಟದ ಫೋಟೋ, ಹೆಸರುಗಳನ್ನ ಮುಚ್ಚಿ, ನಮಗೂ ಕಳಿಸಿದ್ರೆ ಮುಂದಿನ ಸಂಚಿಕೇಲಿ ಅದನ್ನ ಸಾಲುಸಾಲಾಗಿ ಓದೋಣ.