ರೇಷ್ಮೆಗೆ ಹತ್ತು ದಿನ, ನೊಣಕ್ಕೆ ಒಂದೇ ದಿನ

ಪ್ರಶ್ನೆ: ನಾವು ತರುವ ರೇಷ್ಮೆ ಮೊಟ್ಟೆ ಒಡೆಯಲು ಹತ್ತು ದಿನ ಬೇಕು. ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣದ ಮೊಟ್ಟೆಗೆ ಒಂದೇ ದಿನ ಸಾಕಂತೆ. ಎಲ್ಲ ಹುಳಗಳೂ ಮೊಟ್ಟೆಯೊಳಗೆ ಒಂದೇ ಥರ ಬೆಳೆಯೋದಲ್ವಾ?
- ರೈತ ಮಹಿಳೆ, ಮಳವಳ್ಳಿ

ಉತ್ತರ: ಇಲ್ಲಮ್ಮ, ಒಂದೊಂದರದು ಒಂದೊಂದು ದಾರಿ.

ರಸಬಾಳೆ ಸ್ವಲ್ಪ ಕಳಿತರೆ ಸಾಕು, ಮೈಸೂರಿನ ನಮ್ಮ ಅಡುಗೆಮನೆಯಲ್ಲೂ ಆ ನೊಣದ್ದೇ ದರ್ಬಾರು. ಅದರ ಮೊಟ್ಟೆಯೊಳಗೆ ಮೊದಲು ಕೋಶಕೇಂದ್ರ ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ 13 ಸಲ ಒಡೆಯುತ್ತದೆ. ನಡುವೆ ಗೋಡೆಯೇ ಇಲ್ಲ, ಛತ್ರದಲ್ಲಿ ಜನ ಮಲಗಿದ ಹಾಗೆ. ಸುಮಾರು 6000 ಆದಮೇಲೆ ಎಲ್ಲದರ ಸುತ್ತಲೂ ಒಟ್ಟಿಗೇ ಗೋಡೆ ಏಳುತ್ತದೆ. ಇಷ್ಟಕ್ಕೆಲ್ಲ ಮೂರು ಗಂಟೆ. ತಲೆಯಿಂದ ಬಾಲದವರೆಗೆ ಯಾವುದು ಎಲ್ಲಿ ಅನ್ನೋದೂ ಅಷ್ಟರಲ್ಲೇ ಹೆಚ್ಚುಕಮ್ಮಿ ಗೊತ್ತಾಗಿರುತ್ತದೆ.

ಮಿಡತೆಗೆ ಈ ಅವಸರ ಇಲ್ಲ. ಮೊದಲು ತಲೆಯ ಕಡೆಯ ಭಾಗ. ಆಮೇಲೆ ಹಿಂದಿನಿಂದ ಒಂದೊಂದೇ ಖಂಡ ಸೇರುತ್ತಾ ಮೈ ಉದ್ದವಾಗುತ್ತದೆ.

ರೇಷ್ಮೆ ಹುಳ ಇವೆರಡರ ನಡುವಿನದು. ಆದರೆ ಅದರ ಸ್ವಾರಸ್ಯ ಇರೋದು ನಿದ್ದೆಯಲ್ಲಿ. ದ್ವಿತಳಿ ಅಂದರೆ ವರ್ಷಕ್ಕೆ ಎರಡು ಪೀಳಿಗೆಯ ತಳಿ. ಅದರ ಮೊಟ್ಟೆ ಇಟ್ಟಾಗ ತಿಳಿಹಳದಿ, ಎರಡು ಮೂರು ದಿನಕ್ಕೆ ಕಂದು. ಒಳಗಿನ ಭ್ರೂಣ ಎಳೆಯದಿದ್ದಾಗಲೇ ಬೆಳೆಯೋದು ನಿಲ್ಲಿಸಿ, ಚಳಿ ಕಳೆಯುವ ತನಕ ಹಾಗೇ ಇರುತ್ತದೆ. ಅದು ಮಲಗದಿರಲಿ ಅಂತಲೇ ಮೊಟ್ಟೆ ಇಟ್ಟ ಮರುದಿನ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದುತ್ತಾರೆ. ಮಲಗಬೇಕೋ ಬೇಡವೋ ಎನ್ನುವುದು ತಾಯಿ ಚಿಟ್ಟೆಯ ಕೈಯಲ್ಲಿದೆ, ಅಪ್ಪನ ಮಾತು ನಡೆಯಲ್ಲ. ನಿಮ್ಮದು ಮಿಶ್ರತಳಿ ಇರಬೇಕು. ಅದರಲ್ಲಿ ಹೆಣ್ಣು ಮೈಸೂರು ತಳಿ, ಗಂಡು ದ್ವಿತಳಿ. ಮೈಸೂರು ತಳಿಗೆ ಆ ನಿದ್ದೆ ಇಲ್ಲ. ಹಾಗಾಗಿ ಆಸಿಡ್ ಇಲ್ಲದೆಯೇ ಹತ್ತು ದಿನಕ್ಕೆ ಹುಳ ಏಳುತ್ತದೆ.

ಒಡೆಯುವ ಎರಡು ದಿನ ಮುಂಚೆ ಮೊಟ್ಟೆ ಅಂಟಿರುವ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಪ್ರತಿ ಮೊಟ್ಟೆಯಲ್ಲೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ. ಅದು ಮರಿಯ ತಲೆ! ಮರುದಿನಕ್ಕೆ ಮೊಟ್ಟೆಯೆಲ್ಲ ನೀಲಿ. ಚುಕ್ಕೆ ಕಂಡ ಕೂಡಲೇ ಕಪ್ಪು ಕಾಗದ ಸುತ್ತಿ ಕತ್ತಲಲ್ಲಿಡಿ, ಆಗ ತಡವಾದವೂ ಮುಂದಿನವುಗಳ ಜೊತೆಗೂಡುತ್ತವೆ. ಹೊಸದರಲ್ಲಿ ನಾನು ಒಮ್ಮೆ ಇದನ್ನು ಮರೆತೆ. ಒಂದೇ ಹಾಳೆಯಿಂದ ಮೂರು ದಿನ ಹುಳ ಎದ್ದವು. ಅರ್ಧ ಜ್ವರಕ್ಕೆ, ಅಂದರೆ ಮೇವು ಬಿಟ್ಟು ಪೊರೆ ಕಳಚೋಕೆ, ಕೂತಿದ್ದರೆ ಇನ್ನರ್ಧಕ್ಕೆ ಸೊಪ್ಪು ಬೇಕು. ನಮ್ಮಮ್ಮ ಆ ಬೆಳೆ ಮುಗಿಯುವ ತನಕ ಸೊಪ್ಪು ಹೆಚ್ಚುತ್ತಲೇ ನನ್ನನ್ನು ಬೈದರು.