ಆಸ್ಮಾಟಿಕ್ ಒತ್ತಡ ಜಾಸ್ತಿ ಇರುವ ಕೋಶದಿಂದಲೇ ನೀರು ಹೊರಗೆ ಹೋಗುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಅಕ್ಕಪಕ್ಕ ಎರಡು ಸಸ್ಯಕೋಶಗಳಿವೆ. ಎ ಕೋಶದ ಆಸ್ಮಾಟಿಕ್ ಒತ್ತಡ 10 ಬಾರ್, ಟರ್ಗರ್ ಒತ್ತಡ 7 ಬಾರ್. ಬಿ ಕೋಶದಲ್ಲಿ ಅದು 8, ಇದು 3. ನೀರು ಯಾವ ಕಡೆಗೆ ಹೋಗುತ್ತದೆ ಅಂತ ನಿಮ್ಮ ಸಿಇಟಿ ಗೈಡಿನಲ್ಲಿ ಕೇಳಿದ್ದಾರೆ. ಎಯಿಂದ ಬಿಗೆ ಅಂತ ಉತ್ತರವನ್ನೂ ಕೊಟ್ಟಿದ್ದಾರೆ. ಆದರೆ ಸಕ್ಕರೆ, ಲವಣ ಜಾಸ್ತಿ ಇರುವ ಕಡೆಗೆ ತಾನೇ ನೀರು ಹೋಗಬೇಕು, ಅದು ಎ ಅಲ್ವಾ, ಹಾಗಾದರೆ ಗೈಡೇ ತಪ್ಪಾ ಅನ್ನುವುದು ನಿಮ್ಮ ಅನುಮಾನ. ಈ ಎರಡು ಒತ್ತಡಗಳೂ ಒಂದೇನಾ ಅಂತ ಕೊನೆಯಲ್ಲಿ ಕೇಳಿದ್ದೀರಿ.

ಗೈಡ್ ಸರಿಯಾಗಿದೆ. ಎರಡೂ ಒಂದೇ ಅಲ್ಲ. ನಾನು ಕೆಲವು ವರ್ಷ ಪಿಯು ಮಕ್ಕಳಿಗೆ ಬಯಾಲಜಿ ಪಾಠ ಹೇಳಿದ್ದೇನೆ. ಪ್ರತಿ ವರ್ಷ ಅರ್ಧ ಕ್ಲಾಸು ಇದೇ ಜಾಗದಲ್ಲಿ ಎಡವುತ್ತಿತ್ತು. ತಪ್ಪು ಮಕ್ಕಳದ್ದಲ್ಲ, ಹೆಸರಿನದ್ದು. ಎರಡಕ್ಕೂ 'ಒತ್ತಡ' ಅಂತ ಹೆಸರಿಟ್ಟುಬಿಟ್ಟಿದ್ದಾರೆ. ನಿಜವಾಗಿ ಒತ್ತುವುದು ಒಂದೇ.

ಒಂದು ಬಾಟಲಿಯಲ್ಲಿ ಸಮುದ್ರದ ನೀರು ತುಂಬಿ ಕಪಾಟಿನಲ್ಲಿ ಇಟ್ಟಿದ್ದೀರಿ ಅನ್ನಿ. ಅದರ ಆಸ್ಮಾಟಿಕ್ ಒತ್ತಡ ಸುಮಾರು 25 ಬಾರ್. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ 2 ಬಾರ್ ಆಸುಪಾಸು. ಅಂದರೆ ಟೈರಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಬಾಟಲಿ ಸಿಡಿಯಬೇಕಲ್ವಾ? ಏನೂ ಆಗುವುದಿಲ್ಲ, ಮುಚ್ಚಳ ಕೂಡ ಅಲುಗುವುದಿಲ್ಲ. ಆ 25 ಬಾರ್ ಬಾಟಲಿಯ ಗೋಡೆಯನ್ನು ತಳ್ಳುತ್ತಿಲ್ಲ. ಈ ನೀರನ್ನು ಬರೀ ನೀರಿನ ಪಕ್ಕ ಇಟ್ಟು, ನಡುವೆ ನೀರನ್ನು ಮಾತ್ರ ಬಿಡುವ ಪೊರೆ ಕಟ್ಟಿದರೆ, ಒಳಗೆ ನುಗ್ಗುವ ನೀರನ್ನು ತಡೆಯಲು ನಾವು ಎಷ್ಟು ಒತ್ತಿ ಹಿಡಿಯಬೇಕಾಗುತ್ತಿತ್ತು ಅನ್ನುವ ಲೆಕ್ಕ ಅದು.

1877ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ ಅದನ್ನು ಹಾಗೇ ಅಳೆದು ತೋರಿಸಿದರು. ಸಣ್ಣ ರಂಧ್ರಗಳಿರುವ ಮಣ್ಣಿನ ಕುಡಿಕೆಯ ಗೋಡೆಯೊಳಗೆ ತಾಮ್ರದ ಒಂದು ಸಂಯುಕ್ತದ ತೆಳು ಪೊರೆ ಕಟ್ಟಿಸಿದರು. ಒಳಗೆ ಸಕ್ಕರೆ ನೀರು ತುಂಬಿ, ಕುಡಿಕೆಯನ್ನು ನೀರಿನಲ್ಲಿ ಇಳಿಬಿಟ್ಟು, ಪಾದರಸ ಎಷ್ಟು ಏರುತ್ತದೆ ಅಂತ ನೋಡಿದರು. ನೂರಕ್ಕೆ ಒಂದು ಭಾಗ ಸಕ್ಕರೆ ಇದ್ದ ನೀರು ಸುಮಾರು 0.7 ಬಾರ್ ತೋರಿಸಿತು. ಟೀಗೆ ಹಾಕುವುದಕ್ಕಿಂತಲೂ ಕಡಿಮೆ ಸಿಹಿ ಅದು! ಅವರ ಅಂಕಿಗಳನ್ನು ಇಟ್ಟುಕೊಂಡೇ ನೆದರ್ಲೆಂಡ್ಸಿನ ರಸಾಯನವಿಜ್ಞಾನಿ ವಾಂಟ್ ಹಾಫ್ ಆಸ್ಮಾಟಿಕ್ ಒತ್ತಡದ ಸೂತ್ರ ಕೊಟ್ಟದ್ದು. 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಸಿಕ್ಕಿದ್ದು ಈ ವಾಂಟ್ ಹಾಫ್ ಅವರಿಗೇ.

ಇನ್ನು ಟರ್ಗರ್ ಒತ್ತಡ. ಇದು ಲೆಕ್ಕವಲ್ಲ, ಇದು ನಿಜವಾದ ತಳ್ಳು. ಕೋಶದೊಳಗೆ ನೀರು ಬಂದು, ಕೋಶಪೊರೆ ಉಬ್ಬಿ, ಹೊರಗಿನ ಗಟ್ಟಿ ಕೋಶಭಿತ್ತಿಯನ್ನು ಒಳಗಿನಿಂದ ಒತ್ತುತ್ತದಲ್ಲ, ಅದು. ಭಿತ್ತಿ ಅಷ್ಟೇ ಬಲದಿಂದ ವಾಪಸ್ ಒತ್ತುತ್ತದೆ.

ಕ್ಲಾಸಿನಲ್ಲಿ ನಾನು ಇದನ್ನು ಮದುವೆ ಊಟದ ಪಂಕ್ತಿಗೆ ಹೋಲಿಸುತ್ತಿದ್ದೆ. ಆಸ್ಮಾಟಿಕ್ ಒತ್ತಡ ಅಂದರೆ ಖಾಲಿ ಹೊಟ್ಟೆಯಲ್ಲಿ ಕೂತಾಗ ಇದ್ದ ಪೂರ್ತಿ ಹಸಿವು. ಟರ್ಗರ್ ಅಂದರೆ ಈಗಾಗಲೇ ಹೊಟ್ಟೆಗೆ ಇಳಿದದ್ದು. ಎ ಅನ್ನುವವನು ಹತ್ತು ಹೋಳಿಗೆ ಹೊಡೆಯುವ ಆಸಾಮಿ, ಏಳು ಮುಗಿಸಿದ್ದಾನೆ. ಬಿ ಎಂಟರ ಆಸಾಮಿ, ಮೂರೇ ತಿಂದಿದ್ದಾನೆ. ಬಡಿಸುವವರು ಬಂದಾಗ ಯಾರು ಎಲೆ ಮುಂದೆ ಮಾಡುತ್ತಾರೆ? ಎಗೆ ಉಳಿದಿರುವುದು ಮೂರು, ಬಿಗೆ ಐದು. ನೀರು ಬಿ ಕಡೆಗೆ ಹೋಗುತ್ತದೆ.

ಈ ಉಳಿದ ಹಸಿವಿಗೆ ಹಳೇ ಪುಸ್ತಕಗಳಲ್ಲಿ ಡಿಪಿಡಿ (ಡಿಫ್ಯೂಷನ್ ಪ್ರೆಷರ್ ಡೆಫಿಸಿಟ್) ಅನ್ನುತ್ತಿದ್ದರು. ಓಪಿಯಲ್ಲಿ (ಆಸ್ಮಾಟಿಕ್ ಒತ್ತಡ) ಟಿಪಿ (ಟರ್ಗರ್ ಒತ್ತಡ) ಕಳೆದರೆ ಡಿಪಿಡಿ. ಈಗಿನ ಪುಸ್ತಕಗಳಲ್ಲಿ ಅದಕ್ಕೇ ಮೈನಸ್ ಹಾಕಿ ವಾಟರ್ ಪೊಟೆನ್ಷಿಯಲ್ ಅನ್ನುತ್ತಾರೆ. ಎಯದು ಮೈನಸ್ 3, ಬಿಯದು ಮೈನಸ್ 5. ನೀರು ಹೋಗುವುದು ಜಾಸ್ತಿ ಮೈನಸ್ ಇರುವ ಕಡೆಗೆ. ಹೆಸರು ಬದಲಾಗಿದೆ, ಲೆಕ್ಕ ಅದೇ.

ಹೋಳಿಗೆ ಹೋಲಿಕೆ ಒಂದು ಕಡೆ ಮುರಿದುಬೀಳುತ್ತದೆ. ಎ ತಾನು ತಿಂದದ್ದನ್ನು ತೆಗೆದು ಬಿಗೆ ಕೊಡುವುದಿಲ್ಲ. ಕೋಶ ಕೊಡುತ್ತದೆ. ಎಯಿಂದ ನೀರು ಹೋದ ಹಾಗೆ ಅದರ ಟರ್ಗರ್ ಇಳಿಯುತ್ತದೆ, ಬಿಯದು ಏರುತ್ತದೆ. ಎರಡೂ ಕೋಶ ಗಾತ್ರದಲ್ಲಿ, ಬಿಗಿತದಲ್ಲಿ ಒಂದೇ ಥರ ಇದ್ದರೆ, ಎಯಲ್ಲಿ ಟರ್ಗರ್ 6ರ ಹತ್ತಿರ, ಬಿಯಲ್ಲಿ 4ರ ಹತ್ತಿರ ಬಂದಾಗ ನೀರಿನ ಓಡಾಟ ಸಮವಾಗುತ್ತದೆ. ಇಬ್ಬರಿಗೂ ನಾಲ್ಕು ನಾಲ್ಕು ಬಾಕಿ. ಇಲ್ಲಿ ಸ್ವಲ್ಪ ನಿಂತು ನೋಡಿ. ಒಳಗಿನ ಸಕ್ಕರೆ, ಲವಣದ ಸಾಂದ್ರತೆ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇದೆ. ಭಿತ್ತಿ ಬಿಗಿಯಾಗಿರುವುದರಿಂದ ಚೂರೇ ಚೂರು ನೀರು ಆಚೀಚೆ ಆದರೂ ಟರ್ಗರ್ ಧಡ್ ಅಂತ ಏರಿಳಿಯುತ್ತದೆ. "ಎರಡೂ ಕಡೆ ಸಾಂದ್ರತೆ ಸಮವಾದಾಗ ಆಸ್ಮಾಸಿಸ್ (ಪೊರೆ ದಾಟಿ ನೀರು ಹೋಗುವುದು) ನಿಲ್ಲುತ್ತದೆ" ಅಂತ ಎಷ್ಟೋ ನೋಟ್ಸುಗಳಲ್ಲಿ ಇರುತ್ತದೆ. ಸಸ್ಯಕೋಶದ ಮಟ್ಟಿಗೆ ಅದನ್ನು ಹೊಡೆದುಹಾಕಿ. ಬರೀ ನೀರಿನಲ್ಲಿ ಇಟ್ಟ ಕೋಶವನ್ನೇ ನೋಡಿ. ಹೊರಗೆ ಸಾಂದ್ರತೆ ಸೊನ್ನೆ, ಒಳಗೆ ಸೊನ್ನೆ ಆಗಲು ಸಾಧ್ಯವೇ ಇಲ್ಲ. ಆದರೂ ನೀರು ತುಂಬುವುದು ನಿಲ್ಲುತ್ತದೆ. ನಿಲ್ಲಿಸುವುದು ಟರ್ಗರ್.

ಎಲೆಯ ಕೋಶಗಳಲ್ಲಿ ಟರ್ಗರ್ ಸಾಮಾನ್ಯವಾಗಿ 5ರಿಂದ 10 ಬಾರ್ ಇರುತ್ತದೆ. ಮನೆಯ ಕುಕ್ಕರ್ ಸೀಟಿ ಕೂಗುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು 1 ಬಾರ್ ಜಾಸ್ತಿ, ಅಷ್ಟೇ. ಕೊತ್ತಂಬರಿ ಸೊಪ್ಪಿನ ಒಂದೊಂದು ಕೋಶವೂ ಹಲವು ಕುಕ್ಕರುಗಳಷ್ಟು ಒತ್ತಡ ಹೊತ್ತುಕೊಂಡು ಸುಮ್ನೆ ಕೂತಿದೆ. ಒಡೆಯದಿರುವುದಕ್ಕೆ ಕಾರಣ ಆ ಸೆಲ್ಯುಲೋಸ್ ಭಿತ್ತಿ. ನಮ್ಮ ಕೆಂಪು ರಕ್ತಕಣಕ್ಕೆ ಭಿತ್ತಿ ಇಲ್ಲ, ಬರೀ ನೀರಿಗೆ ಹಾಕಿದರೆ ಉಬ್ಬಿ ಒಡೆಯುತ್ತದೆ.

ಇವೆರಡೂ ಬೇರೆ ಬೇರೆ ಅಂತ ಕಣ್ಣಾರೆ ನೋಡಬೇಕಾದರೆ ಬೇಸಿಗೆಯ ಮಧ್ಯಾಹ್ನ ಕುಂಬಳದ ಬಳ್ಳಿಯ ಹತ್ತಿರ ಹೋಗಿ. ಬೆಳಿಗ್ಗೆ ಛತ್ರಿಯ ಹಾಗೆ ಬಿಚ್ಚಿಕೊಂಡಿದ್ದ ಎಲೆಗಳು ಎರಡು ಗಂಟೆಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತವೆ. ಬೇರು ಎಳೆದುಕೊಳ್ಳುವುದಕ್ಕಿಂತ ಬೇಗ ಎಲೆಯಿಂದ ನೀರು ಆವಿಯಾಗಿ ಹೋಗಿದೆ. ಆಗ ಒಳಗಿನ ರಸ ಗಟ್ಟಿಯಾಗಿ ಆಸ್ಮಾಟಿಕ್ ಒತ್ತಡ ಬೆಳಿಗ್ಗೆಗಿಂತ ಜಾಸ್ತಿಯೇ ಆಗಿರುತ್ತದೆ. ಟರ್ಗರ್ ಮಾತ್ರ ಸೊನ್ನೆಯ ಹತ್ತಿರ. ಹಸಿವು ಏರಿದೆ, ಹೊಟ್ಟೆ ಖಾಲಿ. ಸಂಜೆ ಬಿಸಿಲು ಇಳಿದ ಮೇಲೆ, ನೆಲದಲ್ಲಿ ತೇವ ಇದ್ದರೆ, ನೀವು ಒಂದು ಚೊಂಬು ನೀರು ಹಾಕದಿದ್ದರೂ ಎಲೆ ಎದ್ದು ನಿಲ್ಲುತ್ತದೆ.

ಡಿಗ್ರಿಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ದಿನ ನನಗೆ ಬಂದದ್ದು ರಿಯೋ ಎಲೆಯ ಪ್ರಯೋಗ. ಎಲೆಯ ಅಡಿಭಾಗ ನೇರಳೆ ಬಣ್ಣದ್ದು, ಕಾಲೇಜಿನ ಕಾಂಪೌಂಡಿನ ಪಕ್ಕ ಸಾಲಾಗಿ ನೆಟ್ಟಿರುತ್ತಾರಲ್ಲ, ಅದೇ ಗಿಡ. ಆ ನೇರಳೆ ಸಿಪ್ಪೆಯನ್ನು ತೆಳ್ಳಗೆ ಸುಲಿದು ಸ್ಲೈಡಿನ ಮೇಲಿಟ್ಟರೆ ಮೈಕ್ರೋಸ್ಕೋಪಿನಲ್ಲಿ ಬಣ್ಣದ ಗಾಜಿನ ಚೂರುಗಳನ್ನು ಜೋಡಿಸಿದ ಹಾಗೆ ಕಾಣುತ್ತದೆ. ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಉಪ್ಪು ನೀರಿನ ಹನಿ ಬಿಟ್ಟು, ಇನ್ನೊಂದು ಅಂಚಿನಿಂದ ಫಿಲ್ಟರ್ ಪೇಪರಿನಲ್ಲಿ ಹೀರಿಸಿದೆ. ನೇರಳೆ ಬಣ್ಣ ಮೊದಲು ಮೂಲೆಗಳನ್ನು ಬಿಟ್ಟಿತು. ಆಮೇಲೆ ನಿಧಾನಕ್ಕೆ ಮುದುಡಿ, ಪ್ರತಿ ಚೌಕಟ್ಟಿನ ನಡುವೆ ಒಂದೊಂದು ನೇರಳೆ ಗುಂಡು ಉಳಿಯಿತು. ಇದೇ ಪ್ಲಾಸ್ಮಾಲಿಸಿಸ್. ಚೌಕಟ್ಟು ಹಾಗೇ ಇತ್ತು, ಅದು ಕೋಶಭಿತ್ತಿ.

ಪರೀಕ್ಷಕರು ಬಂದು ಬಗ್ಗಿ ನೋಡಿ, "ಭಿತ್ತಿಗೂ ಆ ಗುಂಡಿಗೂ ಮಧ್ಯೆ ಏನಿದೆ?" ಅಂದರು. "ಏನೂ ಇಲ್ಲ ಸರ್, ಖಾಲಿ" ಅಂದೆ. ಅವರು ನಕ್ಕು ಎರಡು ಮಾರ್ಕ್ಸ್ ಕಳೆದು ಹೋದರು. ಅಲ್ಲಿರುವುದು ನಾನೇ ಹಾಕಿದ ಉಪ್ಪು ನೀರು. ಭಿತ್ತಿ ನೀರನ್ನೂ ಬಿಡುತ್ತದೆ, ಉಪ್ಪನ್ನೂ ಬಿಡುತ್ತದೆ. ಆರಿಸಿ ಬಿಡುವುದು ಒಳಗಿನ ಪೊರೆ. ಈ ಪ್ರಶ್ನೆ ನಿಮಗೂ ಬರಬಹುದು, ನನ್ನ ಹಾಗೆ ಕಳೆದುಕೊಳ್ಳಬೇಡಿ. ಇನ್ನೊಂದು ವಿಷಯ. ಬಣ್ಣ ಮೂಲೆಯಿಂದ ಆಗಷ್ಟೇ ಬಿಡಲು ಶುರುಮಾಡುವ ಘಟ್ಟದಲ್ಲಿ ಟರ್ಗರ್ ಸೊನ್ನೆ. ಆಗ ಹೊರಗಿನ ದ್ರಾವಣದ ಆಸ್ಮಾಟಿಕ್ ಒತ್ತಡವೂ ಒಳಗಿನದೂ ಒಂದೇ. ಬೇರೆ ಬೇರೆ ಗಾಢತೆಯ ದ್ರಾವಣ ಹಾಕಿ, ಸುಮಾರು ಅರ್ಧ ಕೋಶಗಳು ಮುದುಡಲು ಶುರುಮಾಡಿದ್ದು ಯಾವುದರಲ್ಲಿ ಅಂತ ನೋಡಿದರೆ ಕೋಶದ ಓಪಿ ಸಿಕ್ಕಿಬಿಡುತ್ತದೆ.

ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುವವರು ಮಲೆನಾಡಿನ ಹೆಂಗಸರು. ನನ್ನ ಅಮ್ಮನ ತವರು ಸಾಗರದ ಕಡೆ. ಅಪ್ಪೆಮಿಡಿ ಬಂತು ಅಂದರೆ ಒರೆಸಿ, ಜಾಡಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಒಂದು ತೊಟ್ಟು ನೀರೂ ಹಾಕುವುದಿಲ್ಲ. ಕೆಲವು ದಿನ ಕಳೆದು ನೋಡಿದರೆ ಮಿಡಿ ಚಿರುಟಿಕೊಂಡು ತನ್ನದೇ ನೀರಿನಲ್ಲಿ ಮುಳುಗಿರುತ್ತದೆ. ಉಪ್ಪು ಕರಗುವಷ್ಟೂ ಕರಗಿದ ನೀರಿನ ಆಸ್ಮಾಟಿಕ್ ಒತ್ತಡ 300 ಬಾರ್‌ಗೂ ಜಾಸ್ತಿ. ಅದರ ಮುಂದೆ ಮಿಡಿಯ ಕೋಶ ಎಲ್ಲಿಗೆ ಸಾಟಿ? ನೀರೆಲ್ಲ ಬಿಟ್ಟುಕೊಡುತ್ತದೆ, ಪೊರೆ ಸಾಯುತ್ತದೆ, ಆಮೇಲೆ ಉಪ್ಪು ಒಳಗೆಲ್ಲ ಇಳಿಯುತ್ತದೆ. ಬೂಷ್ಟು ಅಷ್ಟು ಸುಲಭಕ್ಕೆ ಹತ್ತಿರ ಬರದಿರುವುದೂ ಇದಕ್ಕೇ, ಅದರ ಕೋಶಕ್ಕೂ ಅದೇ ಗತಿ. ಹಾಗಾದರೆ ಒಳ್ಳೆ ಮಿಡಿ ವರ್ಷವಾದರೂ ಕಡಿದಾಗ ಕಟುಂ ಅನ್ನುತ್ತದಲ್ಲ ಅಂತ ಒಬ್ಬ ಹುಡುಗಿ ಕೇಳಿದ್ದಳು. ಚೆನ್ನಾಗಿ ಕೇಳಿದಳು. ಅದು ಟರ್ಗರ್ ಅಲ್ಲ, ಭಿತ್ತಿಗಳದ್ದೇ ಗಟ್ಟಿತನ. ಸೌತೆಕಾಯಿಯ ಕುರುಕಲು ಮಾತ್ರ ಬಹುಪಾಲು ಟರ್ಗರಿನದು. ರಾಮನವಮಿಯ ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕುವುದು ಅದಕ್ಕೇ. ಮೊದಲೇ ಹಾಕಿಟ್ಟರೆ ಪಾತ್ರೆಯ ತಳದಲ್ಲಿ ನೀರು, ಮೇಲೆ ಮೆತ್ತಗಾದ ಹೋಳು.

ತುಂಗಭದ್ರಾ ಕಾಲುವೆಯ ಕಡೆ ಸವಳು ಹತ್ತಿದ ಹೊಲದಲ್ಲಿ ನೀರು ನಿಂತಿದ್ದರೂ ಬೆಳೆ ಬಾಡುವುದು ಇದೇ ಕಥೆಯ ಇನ್ನೊಂದು ಮುಖ. ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಉಪ್ಪು ನೀರಿನಲ್ಲಿ ನಿಂತು ಬದುಕುವುದು, ತನ್ನ ಕೋಶರಸವನ್ನು ಹೊರಗಿನ ನೀರಿಗಿಂತ ಗಟ್ಟಿಯಾಗಿ ಇಟ್ಟುಕೊಂಡಿರುವುದರಿಂದ.

ಗಿಡಕ್ಕೆ ನೀರನ್ನು ನೇರವಾಗಿ ಪಂಪ್ ಮಾಡಲು ಬರುವುದಿಲ್ಲ. ಅದು ಲವಣವನ್ನು ಸಾಗಿಸುತ್ತದೆ, ನೀರು ಹಿಂದೆಯೇ ಬರುತ್ತದೆ. ಮುಟ್ಟಿದರೆ ಮುನಿಯನ್ನು ಮುಟ್ಟಿದಾಗ ತೊಟ್ಟಿನ ಬುಡದ ಗಂಟಿನಲ್ಲಿ, ಕೆಳಭಾಗದ ಕೋಶಗಳು ಪೊಟ್ಯಾಸಿಯಂ, ಕ್ಲೋರೈಡ್ ಹೊರಗೆ ಬಿಡುತ್ತವೆ. ನೀರೂ ಹೊರಟುಹೋಗುತ್ತದೆ, ಟರ್ಗರ್ ಬೀಳುತ್ತದೆ, ತೊಟ್ಟು ಕೆಳಗೆ ಬಾಗುತ್ತದೆ. ಎಲೆಯ ಪತ್ರರಂಧ್ರ ತೆರೆಯುವಾಗ ನಡೆಯುವುದು ಇದರ ಉಲ್ಟಾ. ಕಾವಲು ಕೋಶಗಳು ಪೊಟ್ಯಾಸಿಯಂ ಒಳಗೆಳೆದುಕೊಂಡು ಓಪಿ ಏರಿಸಿಕೊಳ್ಳುತ್ತವೆ, ನೀರು ಬಂದು ಟಿಪಿ ಏರುತ್ತದೆ, ಕೋಶಗಳು ಬಾಗಿ ನಡುವೆ ಬಾಯಿ ಬಿಡುತ್ತದೆ. ಈ ಎರಡೂ ಉದಾಹರಣೆಗಳಲ್ಲಿ ಮೊದಲು ಬದಲಾಗುವುದು ಓಪಿ, ಅದರ ಹಿಂದೆ ಟಿಪಿ. ಆ ಕ್ರಮ ನೆನಪಿಟ್ಟುಕೊಂಡರೆ ಪರೀಕ್ಷೆಯಲ್ಲಿ ಅರ್ಧ ಗೊಂದಲ ಹೋಗುತ್ತದೆ.

ಪುರುಸೊತ್ತು ಇದ್ದರೆ ಇವತ್ತೇ ಅಡುಗೆಮನೆಯಲ್ಲಿ ಒಂದು ಆಲೂಗಡ್ಡೆಯನ್ನು ಬೆರಳುದ್ದ ಕತ್ತರಿಸಿ. ಒಂದು ಹೋಳು ಬರೀ ನೀರಿಗೆ, ಒಂದು ಎರಡು ಚಮಚ ಉಪ್ಪು ಕದಡಿದ ಲೋಟಕ್ಕೆ. ಮೂರನೆಯದನ್ನು ಬೇಯಿಸಿ, ಆರಿಸಿ, ಬರೀ ನೀರಿಗೆ ಹಾಕಿ. ಎರಡು ಗಂಟೆ ಬಿಟ್ಟು ತೆಗೆದು ಬಗ್ಗಿಸಿ ನೋಡಿ. ಮೊದಲನೆಯದು ಸೆಟೆದುಕೊಂಡಿರುತ್ತದೆ, ಜಾಸ್ತಿ ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ. ಎರಡನೆಯದು ರಬ್ಬರಿನ ಹಾಗೆ ಬಾಗುತ್ತದೆ. ಬೇಯಿಸಿದ್ದು ಎಷ್ಟು ಹೊತ್ತು ನೀರಲ್ಲಿ ಕೂತರೂ ಸೆಟೆದುಕೊಳ್ಳುವುದಿಲ್ಲ. ಯಾಕೆ ಅಂತ ಕಾಮೆಂಟಿನಲ್ಲಿ ಬರೆಯಿರಿ ನೋಡೋಣ. ಸುಳಿವು ಬೇಕಿದ್ದರೆ, ಪೊರೆ.