ಮುಳುಗುವ ಬ್ಯಾಂಕನ್ನು ಸರ್ಕಾರ ಉಳಿಸಬೇಕೇ? ಕೊಡಗಿನ ಬೆಳೆಗಾರನೊಬ್ಬನ ಉತ್ತರ

ಸೋಮವಾರಪೇಟೆಯ ಕಾಮರ್ಸ್ ವಿದ್ಯಾರ್ಥಿ ಎಂದು ಬರೆದುಕೊಂಡಿದ್ದೀರಿ. 2008ರಲ್ಲಿ ಅಮೆರಿಕ ಸರ್ಕಾರ ದೊಡ್ಡ ಬ್ಯಾಂಕುಗಳಿಗೆ ಹಣ ಸುರಿಯದಿದ್ದರೆ ಜಗತ್ತಿನ ಆರ್ಥಿಕತೆಯೇ ನೆಲಕಚ್ಚುತ್ತಿತ್ತು ಎಂದು ನಿಮಗೆ ತರಗತಿಯಲ್ಲಿ ಹೇಳಿದ್ದಾರೆ. ಹಾಗಿದ್ದರೆ ಸರ್ಕಾರ ಮಾರುಕಟ್ಟೆಗೆ ಕೈಹಾಕಬಾರದು ಎನ್ನುವವರ ವಾದದಲ್ಲಿ ಹುರುಳಿದೆಯೇ, ಅಂಥವರು ರೈತರ ಸಾಲ ಮನ್ನಾವನ್ನೂ ಬೇಡ ಎನ್ನುತ್ತಾರೆಯೇ ಎಂಬುದು ನಿಮ್ಮ ಪ್ರಶ್ನೆ.

ನಾನು ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರ. ಎರಡನ್ನೂ ಬೇಡ ಎನ್ನುವವರಲ್ಲಿ ನಾನೂ ಒಬ್ಬ. ಲಾಭ ಬಂದಾಗ ಜೇಬಿಗಿಳಿಸಿದವನು ನಷ್ಟ ಬಂದಾಗಲೂ ತಾನೇ ಹೊರಬೇಕು ಎನ್ನುವುದು ನನ್ನ ನಿಲುವು. ಆ ನಷ್ಟವನ್ನು ಸರ್ಕಾರ ಊರವರ ತಲೆಗೆ ಕಟ್ಟಿದ ದಿನವೇ ಮುಂದಿನ ಬಿಕ್ಕಟ್ಟಿಗೆ ಬೀಜ ಬಿದ್ದಿರುತ್ತದೆ. ಕೊಡಗಿನಲ್ಲಿ ಕುಳಿತು ಇದನ್ನು ಹೇಳುವುದಕ್ಕೆ ನನಗೆ ಬೇರೊಂದು ಕಾರಣವೂ ಇದೆ. ಅದನ್ನು ಹೇಳುವ ಮೊದಲು ಅಮೆರಿಕದ ವಿಷಯ ಮುಗಿಸುತ್ತೇನೆ.

2008ರ ಕಥೆಯನ್ನು ಎಲ್ಲರೂ ಸೆಪ್ಟೆಂಬರ್ 15ರಿಂದ, ಅಂದರೆ ಲೆಹ್ಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕು ದಿವಾಳಿ ಅರ್ಜಿ ಹಾಕಿದ ದಿನದಿಂದ ಆರಂಭಿಸುತ್ತಾರೆ. ಅದಕ್ಕಿಂತ ಹಿಂದೆ ಹೋಗಿ ನೋಡಿ. 2003ರ ಜೂನ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಬಡ್ಡಿದರವನ್ನು ಶೇ 1ಕ್ಕೆ ಇಳಿಸಿ ಒಂದು ವರ್ಷ ಅಲ್ಲಿಯೇ ಇಟ್ಟಿತ್ತು. ಅಗ್ಗದ ಹಣ ಮನೆಸಾಲದ ಕಡೆಗೆ ಹರಿಯಿತು. ಆ ಸಾಲಗಳನ್ನು ಕೊಳ್ಳಲು, ಅವುಗಳಿಗೆ ಖಾತರಿ ನೀಡಲು ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್ ಎಂಬ ಎರಡು ದೈತ್ಯ ಸಂಸ್ಥೆಗಳಿದ್ದವು. ಅವು ಖಾಸಗಿ ಷೇರುದಾರರ ಸಂಸ್ಥೆಗಳು. ಆದರೆ ಕಷ್ಟ ಬಂದರೆ ಸರ್ಕಾರ ಕೈಬಿಡುವುದಿಲ್ಲ ಎಂದು ಸಾಲ ಕೊಟ್ಟವರೆಲ್ಲ ನಂಬಿದ್ದರು, ಕೊನೆಗೆ ಸರ್ಕಾರ ಅವರ ನಂಬಿಕೆಯನ್ನು ನಿಜವಾಗಿಸಿತು. 2008ರ ಮಾರ್ಚ್‌ನಲ್ಲಿ ಬೇರ್ ಸ್ಟರ್ನ್ಸ್ ಎಂಬ ಇನ್ನೊಂದು ಹೂಡಿಕೆ ಬ್ಯಾಂಕು ಕುಸಿದಾಗ, ಜೆಪಿ ಮಾರ್ಗನ್ ಅದನ್ನು ಕೊಳ್ಳಲೆಂದು ಕೇಂದ್ರ ಬ್ಯಾಂಕು ಸುಮಾರು 29 ಶತಕೋಟಿ ಡಾಲರ್ ಒದಗಿಸಿತು. ಅದಕ್ಕಿಂತ ದೊಡ್ಡದಾದ ಲೆಹ್ಮನ್‌ಗೆ ಸಾಲ ಕೊಟ್ಟವರು ಇದರಿಂದ ಏನು ತಿಳಿದುಕೊಂಡಿರಬಹುದು, ನೀವೇ ಯೋಚಿಸಿ. ಲೆಹ್ಮನ್‌ನನ್ನು ಮುಳುಗಲು ಬಿಟ್ಟದ್ದರಿಂದ ಗಾಬರಿ ಹಬ್ಬಿತು ಎನ್ನುತ್ತಾರೆ. ಮಾರ್ಚ್‌ನಲ್ಲಿ ಕೊಟ್ಟ ಭರವಸೆಯನ್ನು ಸೆಪ್ಟೆಂಬರ್‌ನಲ್ಲಿ ಮುರಿದದ್ದರಿಂದ ಗಾಬರಿ ಹಬ್ಬಿತು ಎನ್ನುತ್ತೇನೆ ನಾನು.

ಲೆಹ್ಮನ್ ಬಿದ್ದ ಮರುದಿನವೇ ವಿಮಾ ಕಂಪನಿ ಎಐಜಿಗೆ ಕೇಂದ್ರ ಬ್ಯಾಂಕಿನಿಂದ 85 ಶತಕೋಟಿ ಡಾಲರ್ ಸಾಲ ಸಿಕ್ಕಿತು. ಅಕ್ಟೋಬರ್ 3ರಂದು ಬ್ಯಾಂಕುಗಳ ನೆರವಿಗೆಂದು 700 ಶತಕೋಟಿ ಡಾಲರಿನ ಕಾಯ್ದೆಗೆ ಸಹಿ ಬಿತ್ತು. ಎಐಜಿಗೆ ಹೋದ ಹಣ ಎಲ್ಲಿಗೆ ತಲುಪಿತು? ಅದರೊಂದಿಗೆ ಪಣ ಕಟ್ಟಿದ್ದ ಬ್ಯಾಂಕುಗಳಿಗೆ. ಗೋಲ್ಡ್‌ಮನ್ ಸ್ಯಾಕ್ಸ್ ಒಂದಕ್ಕೇ 12.9 ಶತಕೋಟಿ ಡಾಲರ್ ಸಂದಿತು. ಎಐಜಿ ದಿವಾಳಿ ನ್ಯಾಯಾಲಯಕ್ಕೆ ಹೋಗಿದ್ದರೆ ಈ ಬ್ಯಾಂಕುಗಳು ರೂಪಾಯಿಗೆ ಎಷ್ಟೋ ಪೈಸೆ ಬಿಟ್ಟುಕೊಡಬೇಕಾಗುತ್ತಿತ್ತು. ತೆರಿಗೆದಾರನ ದೆಸೆಯಿಂದ ಅವುಗಳಿಗೆ ಪೂರ್ತಿ ಹಣ ಸಿಕ್ಕಿತು.

ಬೇರೆ ದಾರಿ ಇರಲಿಲ್ಲ ಎನ್ನುವವರು ಸೆಪ್ಟೆಂಬರ್ 25ರಂದು ನಡೆದದ್ದನ್ನು ಹೇಳುವುದಿಲ್ಲ. ಅಂದು ವಾಷಿಂಗ್ಟನ್ ಮ್ಯೂಚುಯಲ್ ಎಂಬ, 300 ಶತಕೋಟಿ ಡಾಲರಿಗೂ ಹೆಚ್ಚಿನ ಆಸ್ತಿಯ ಬ್ಯಾಂಕನ್ನು ಠೇವಣಿ ವಿಮಾ ನಿಗಮ ವಶಪಡಿಸಿಕೊಂಡು ಜೆಪಿ ಮಾರ್ಗನ್‌ಗೆ 1.9 ಶತಕೋಟಿಗೆ ಮಾರಿತು. ಅಮೆರಿಕದ ಇತಿಹಾಸದಲ್ಲೇ ಅದು ಅತಿ ದೊಡ್ಡ ಬ್ಯಾಂಕ್ ಪತನ. ಷೇರುದಾರರ ಹಣ ಹೋಯಿತು, ಬಾಂಡ್ ಕೊಂಡವರಿಗೂ ಪೆಟ್ಟು ಬಿತ್ತು. ಠೇವಣಿ ಇಟ್ಟವರ ಒಂದು ಕಾಸೂ ಹೋಗಲಿಲ್ಲ, ವಿಮಾ ನಿಧಿಯಿಂದಲೂ ಹಣ ತೆಗೆಯಬೇಕಾಗಲಿಲ್ಲ. ಬ್ಯಾಂಕು ಮುಳುಗುವುದೆಂದರೆ ಕಟ್ಟಡಕ್ಕೆ ಬೆಂಕಿ ಬಿದ್ದು ಎಲ್ಲರೂ ಒಳಗೇ ಸಾಯುವುದು ಎಂಬಂತೆ ಮಾತನಾಡುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ಇನ್ನು, ಕೊಟ್ಟ ಹಣ ಬಡ್ಡಿ ಸಮೇತ ವಾಪಸ್ ಬಂತಲ್ಲ ಎಂಬ ಮಾತು. ಬ್ಯಾಂಕುಗಳ ಮಟ್ಟಿಗೆ ಅದು ನಿಜ, ಎಐಜಿಯಿಂದಲೂ ಸರ್ಕಾರಕ್ಕೆ ಲಾಭವೇ ಆಯಿತು. ಆದರೆ ಮುಂದೆಯೂ ಉಳಿಸುತ್ತಾರೆ ಎಂಬ ಧೈರ್ಯಕ್ಕೆ ಬೆಲೆ ಕಟ್ಟಿದವರು ಯಾರು? 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದಾಗ ಎರಡೂವರೆ ಲಕ್ಷ ಡಾಲರಿನ ವಿಮಾ ಮಿತಿಯನ್ನು ಬದಿಗಿಟ್ಟು, ಕೋಟಿಗಟ್ಟಲೆ ಇಟ್ಟಿದ್ದ ಕಂಪನಿಗಳಿಗೂ ಪೂರ್ತಿ ಹಣದ ಭರವಸೆ ಕೊಟ್ಟರು.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಪೂಲ್ ಎಂದರೆ ಏನೆಂದು ಕೇಳಿ ನೋಡಿ.

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಮುಚ್ಚಿ ಕಾಫಿ ಕೊಳ್ಳುವವರಿಲ್ಲದಂತಾಯಿತು. ಬೆಳೆಗಾರರನ್ನು ಉಳಿಸಲೆಂದು ಬ್ರಿಟಿಷ್ ಸರ್ಕಾರ 1940ರಲ್ಲಿ ಸುಗ್ರೀವಾಜ್ಞೆ ತಂದಿತು, 1942ರಲ್ಲಿ ಅದು ಕಾಫಿ ಕಾಯ್ದೆಯಾಯಿತು. ಅಂದಿನ ಸ್ಥಿತಿಯಲ್ಲಿ ಅದನ್ನು ಕೇಳಿಕೊಂಡವರು ಬೆಳೆಗಾರರೇ. ಯುದ್ಧ ಮುಗಿಯಿತು, ದೇಶ ಸ್ವತಂತ್ರವಾಯಿತು, ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಈ ಪೂಲ್ ಮಾತ್ರ ಹೋಗಲಿಲ್ಲ. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕು. ಮನೆಬಳಕೆಗೆ ಮತ್ತು ಬಿತ್ತನೆಗೆಂದು ಸ್ವಲ್ಪ ಇಟ್ಟುಕೊಳ್ಳಬಹುದು. ಪರವಾನಗಿ ಇಲ್ಲದೆ ಒಂದು ಚೀಲ ಸಾಗಿಸಿದರೂ ಅಪರಾಧ. ತನ್ನ ತೋಟದಲ್ಲಿ ತಾನೇ ಬೆಳೆದದ್ದನ್ನು ತನಗೆ ಬೇಕಾದವರಿಗೆ ಮಾರಿದ ಬೆಳೆಗಾರ ಈ ಜಿಲ್ಲೆಯಲ್ಲಿ ಕಾನೂನಿನ ಕಣ್ಣಿಗೆ ಕಳ್ಳನಾಗಿದ್ದ.

ಹಣ ಬರುತ್ತಿದ್ದ ರೀತಿ ಹೀಗಿತ್ತು. ಕಾಫಿ ಒಪ್ಪಿಸಿದಾಗ ಒಂದಿಷ್ಟು ಮುಂಗಡ. ದರ್ಜೆಯ ಪ್ರಕಾರ ಇಷ್ಟು ಪಾಯಿಂಟ್ ಎಂದು ಲೆಕ್ಕ. ಮಂಡಳಿ ಹರಾಜಿನಲ್ಲಿ ಮಾರಿ ಮುಗಿಸಿದಂತೆಲ್ಲ ಪಾಯಿಂಟಿಗೆ ಇಷ್ಟು ಎಂದು ಕಂತು ಕಂತಾಗಿ ಉಳಿದ ಹಣ. ನನ್ನ ತಂದೆಯವರ ಡೈರಿಯೊಂದು ನಮ್ಮ ಮನೆಯಲ್ಲಿದೆ. ಎಡಪುಟದಲ್ಲಿ ಆ ವರ್ಷದ ಕೊಯ್ಲಿನ ಕೂಲಿ, ಗೊಬ್ಬರ, ಮರಗಸಿಯ ಖರ್ಚು. ಬಲಪುಟದಲ್ಲಿ ಅದಕ್ಕೂ ಹಿಂದಿನ ಬೆಳೆಯ ಕಂತು ಬಂದ ತಾರೀಕು. ಕಂತು ಬಾರದ ತಿಂಗಳುಗಳಲ್ಲಿ ಕೈಸಾಲ ಕೊಟ್ಟವರ ಹೆಸರು ಪೆನ್ಸಿಲಿನಲ್ಲಿದೆ, ತೀರಿಸಿದ ಮೇಲೆ ಅಳಿಸಲು. ತನ್ನದೇ ಹಣಕ್ಕೆ ಕಾಯುತ್ತಾ ಬಡ್ಡಿ ಕಟ್ಟಿದ ಮನುಷ್ಯನ ಲೆಕ್ಕ ಅದು. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿತ್ತು. 1991ರಲ್ಲಿ, ನಮ್ಮ ಕಾಫಿಯನ್ನು ರೂಪಾಯಿ ವ್ಯವಹಾರದಲ್ಲಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದಾದ ಮೇಲೆ ಬೆಳೆಗಾರನಿಗೆ ಬೆಳೆಯ ಒಂದು ಪಾಲನ್ನು ತಾನೇ ಮಾರುವ ಅನುಮತಿ ಸಿಕ್ಕಿತು, ಪಾಲು ಹೆಚ್ಚುತ್ತಾ ಹೋಗಿ 1996ರಲ್ಲಿ ಪೂರ್ತಿ ಸ್ವಾತಂತ್ರ್ಯ ಬಂತು. ಯುದ್ಧಕಾಲದ ತಾತ್ಕಾಲಿಕ ನೆರವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಮ್ಮ ಕೊರಳಿಗೆ ಸುತ್ತಿಕೊಂಡಿತ್ತು. ಉಳಿಸಲು ಬರುವ ಸರ್ಕಾರ ಯಾವಾಗ ಹೊರಡುತ್ತದೆ ಎಂದು ಮೊದಲೇ ಬರೆದುಕೊಡಲಿ ಎಂದು ನಾನು ಹಟ ಹಿಡಿಯುವುದು ಇದರಿಂದಲೇ.

ಮುಂದೆ 2001–02ರಲ್ಲಿ ಬೆಲೆ ಪಾತಾಳಕ್ಕಿಳಿದಾಗ ಪೂಲ್ ಇದ್ದಿದ್ದರೆ ಚೆನ್ನಾಗಿತ್ತು ಎಂದವರು ನಮ್ಮಲ್ಲಿ ಬೇಕಾದಷ್ಟು ಜನ. ಅವರ ನೋವು ನನಗೆ ಗೊತ್ತು, ಆ ವರ್ಷಗಳಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದ ತೋಟಗಳಿದ್ದವು. ಆದರೆ ವಿಯೆಟ್ನಾಂ ರೋಬಸ್ಟಾ ಸುರಿದು ಜಗತ್ತಿನ ಬೆಲೆಯೇ ಬಿದ್ದಿತ್ತು. ಬೆಂಗಳೂರಿನ ಕಚೇರಿಯೊಂದು ಅದನ್ನು ಎತ್ತಿ ನಿಲ್ಲಿಸಲಾಗುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ರೋಬಸ್ಟಾ ದಾಖಲೆ ಬೆಲೆ ಕಂಡಾಗ ಗೋಣಿಕೊಪ್ಪದ ಸಣ್ಣ ಬೆಳೆಗಾರನೂ ಲಂಡನ್ ದರವನ್ನು ಮೊಬೈಲಿನಲ್ಲಿ ನೋಡಿ, ಇವತ್ತು ಮಾರಬೇಕೋ ಕಾಯಬೇಕೋ ಎಂದು ತಾನೇ ತೀರ್ಮಾನಿಸಿದ. ಹಣ ಅದೇ ವಾರ ಅವನ ಖಾತೆಗೆ ಬಂತು.

ನಮ್ಮ ದೇಶದ ಬ್ಯಾಂಕುಗಳ ಬಗ್ಗೆ ಹೆಚ್ಚು ಎಳೆಯುವುದಿಲ್ಲ. 2020ರಲ್ಲಿ ಎರಡು ಬ್ಯಾಂಕುಗಳು ಮುಗ್ಗರಿಸಿದವು. ಮಾರ್ಚ್‌ನಲ್ಲಿ ಯೆಸ್ ಬ್ಯಾಂಕ್ ಬಿದ್ದಾಗ ಸ್ಟೇಟ್ ಬ್ಯಾಂಕಿನ ಮುಂದಾಳತ್ವದಲ್ಲಿ ಹಣ ಹಾಕಿಸಿದರು. 8,415 ಕೋಟಿ ರೂಪಾಯಿಯ ಬಾಂಡುಗಳನ್ನು ಸೊನ್ನೆ ಮಾಡಿದರು, ಷೇರುದಾರರ ಷೇರು ಮಾತ್ರ ಉಳಿಯಿತು. ಮೊದಲು ಕಳೆದುಕೊಳ್ಳಬೇಕಾದವನು ಷೇರುದಾರ, ಇಲ್ಲಿ ಸರದಿಯೇ ತಲೆಕೆಳಗಾಯಿತು. ನವೆಂಬರ್‌ನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕಿನ ಷೇರು ಬಂಡವಾಳವನ್ನು ಪೂರ್ತಿ ಅಳಿಸಿ ಡಿಬಿಎಸ್ ಬ್ಯಾಂಕಿಗೆ ಸೇರಿಸಿದರು, ಠೇವಣಿಗಳು ಭದ್ರವಾಗಿ ಉಳಿದವು. ಎರಡನೆಯದು ಸರಿಯಾದ ದಾರಿ. ಅಂದಹಾಗೆ ನಿಮ್ಮ ಮನೆಯವರ ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರುವರಿಗೆ ಮುಂಚೆ ಅದು 1 ಲಕ್ಷವಿತ್ತು. ಅದರ ಕಂತನ್ನು ಬ್ಯಾಂಕುಗಳೇ ಕಟ್ಟುತ್ತವೆ, ಹಾಗಾಗಿ ಅದಕ್ಕೆ ನನ್ನ ತಕರಾರಿಲ್ಲ. 2017ರ ಅಕ್ಟೋಬರ್‌ನಲ್ಲಿ ಸರ್ಕಾರಿ ಬ್ಯಾಂಕುಗಳಿಗೆಂದು ಘೋಷಿಸಿದ 2.11 ಲಕ್ಷ ಕೋಟಿ ರೂಪಾಯಿಗೆ ತಕರಾರಿದೆ. ದೊಡ್ಡ ಉದ್ಯಮಿಗಳಿಗೆ ಕಣ್ಣುಮುಚ್ಚಿ ಸಾಲ ಕೊಟ್ಟು ಆದ ಗಾಯಕ್ಕೆ, ಬೀಡಿ ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ, ತೋಟದ ಲೈನ್ ಮನೆಯ ಕೂಲಿಕಾರನಿಂದ ಮುಲಾಮು ಹಚ್ಚಿಸಿದ್ದು ನ್ಯಾಯವಲ್ಲ.

ಒಂದು ಬ್ಯಾಂಕಿನ ರೋಗ ಇನ್ನೊಂದಕ್ಕೆ ಹರಡುತ್ತದೆ, ಆದ್ದರಿಂದ ಉಳಿಸಲೇಬೇಕು ಎನ್ನುತ್ತಾರೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ನಾವು ಕಿತ್ತು ಸುಡುತ್ತೇವೆ, ಅದಕ್ಕೆ ಗೊಬ್ಬರ ಹಾಕಿ ಸಾಕುವುದಿಲ್ಲ. ಸಾಕಿದರೆ ಪಕ್ಕದ ತೋಟವೂ ಹೋಗುತ್ತದೆ.

ಸಾಲ ಮನ್ನಾ ಬಗ್ಗೆ ನಾನು ಮಾತನಾಡಿದಾಗ ನಮ್ಮವರಿಗೇ ಬೇಸರವಾಗುತ್ತದೆ. ಆದರೂ ಹೇಳಬೇಕು. 2008ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ 60,000 ಕೋಟಿಯ ಮನ್ನಾ ಘೋಷಿಸಿತು, ಮುಂದೆ ಅದು 71,000 ಕೋಟಿ ದಾಟಿತು. ಮರುವರ್ಷ ಚುನಾವಣೆ. 2013ರಲ್ಲಿ ಮಹಾಲೇಖಪಾಲರು ಪರಿಶೀಲಿಸಿದಾಗ, ಅರ್ಹರಲ್ಲದವರಿಗೆ ಮನ್ನಾ ಸಿಕ್ಕಿರುವುದೂ ಅರ್ಹರಾದವರು ಬಿಟ್ಟುಹೋಗಿರುವುದೂ ಕಂಡುಬಂತು. ಅದಕ್ಕಿಂತ ಕೆಟ್ಟದ್ದು ಸಹಕಾರ ಸಂಘದ ಕೌಂಟರಿನ ಎದುರು ನಡೆಯುತ್ತದೆ. ಚುನಾವಣೆಯ ವರ್ಷ ಬಂತೆಂದರೆ ಮಾರ್ಚ್ ತಿಂಗಳಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ: "ಈಗ ಕಟ್ಟಬೇಡಿ ಅಣ್ಣ, ಸ್ವಲ್ಪ ಕಾಯಿರಿ, ಮನ್ನಾ ಆದರೂ ಆಗಬಹುದು." ಕೈಯಲ್ಲಿ ಹಣ ಇಟ್ಟುಕೊಂಡು ಬಂದವರೂ ತಿರುಗಿ ಹೋಗುತ್ತಾರೆ. ಒಡವೆ ಅಡವಿಟ್ಟು ಗಡುವಿನೊಳಗೆ ಕಟ್ಟಿದ ವಿಧವೆಗೆ ಮನ್ನಾದಲ್ಲಿ ಬಿಡಿಗಾಸೂ ಇಲ್ಲ. ಸಂಘದಿಂದ ಸಾಲವೇ ಸಿಗದೆ ಬಡ್ಡಿ ವ್ಯಾಪಾರಿಯ ಬಳಿ ಹೋದ, ಗುತ್ತಿಗೆ ಜಮೀನಿನಲ್ಲಿ ಬೆಳೆಯುವ ರೈತನಿಗೂ ಇಲ್ಲ.

ಹಾಗಾದರೆ ಬೆಳೆ ಕೈಕೊಟ್ಟವನು ಸಾಯಬೇಕೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ದಿವಾಳಿಯಾದ ಕಂಪನಿಗೆ 2016ರ ದಿವಾಳಿ ಸಂಹಿತೆಯಲ್ಲಿ ಒಂದು ದಾರಿ ಇದೆ: ಮಾಲೀಕ ಕಂಪನಿ ಕಳೆದುಕೊಳ್ಳುತ್ತಾನೆ, ಸಾಲ ಕೊಟ್ಟವರು ಸಿಕ್ಕಷ್ಟು ಪಡೆದು ಲೆಕ್ಕ ಮುಗಿಸುತ್ತಾರೆ. ಅದೇ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗವಿದೆ, ಬಡ ಸಾಲಗಾರ ಹೊಸದಾಗಿ ಬದುಕು ಆರಂಭಿಸಲು ಅವಕಾಶವೂ ಅದರಲ್ಲಿದೆ. ಕಂಪನಿಗಳಿಗೆ ಜಾಮೀನು ನಿಂತವರಿಗೆ 2019ರಲ್ಲಿ ಅದನ್ನು ಜಾರಿ ಮಾಡಿದರು, ಬೆಳೆಗಾರನಿಗೆ ಮಾಡಲಿಲ್ಲ. ಅವನ ಪಾಲಿಗಿರುವುದು ಪತ್ರಿಕೆಯ ಒಳಪುಟದ ಇ-ಹರಾಜು ನೋಟಿಸು: ಗ್ರಾಮ, ಸರ್ವೆ ನಂಬರ್, ಎಕರೆ, ಬಾಕಿ, ಹರಾಜಿನ ತಾರೀಕು. ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ಹರಾಜು ಹಾಕಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಕಾಫಿ ತೋಟ ಕೃಷಿಭೂಮಿಯೋ ಅಲ್ಲವೋ ಎಂಬ ಜಗಳ ಬೇರೆ.

ಸಾಲ ಮನ್ನಾ ಕೇಳುವ ನಮ್ಮ ಸಂಘಟನೆಗಳು ಸಂಹಿತೆಯ ಈ ಭಾಗವನ್ನು ಎಲ್ಲರಿಗೂ ಜಾರಿ ಮಾಡಿ ಎಂದು ಕೇಳಲಿ. ಸಾಲ ಕೊಡುವಾಗ ಎಡವಿದ ಬ್ಯಾಂಕು ತನ್ನ ಪಾಲಿನ ನಷ್ಟ ಹೊರಲಿ, ಸಾಲ ಪಡೆದವನು ತೋಟದ ಒಂದು ಭಾಗ ಬಿಟ್ಟುಕೊಡಬೇಕಾದರೆ ಬಿಟ್ಟುಕೊಡಲಿ, ಮನೆ ಮತ್ತು ಮಾನ ಉಳಿಸಿಕೊಂಡು ಮರುವರ್ಷದ ಹೂಮಳೆಗೆ ಮೊದಲು ಋಣಮುಕ್ತನಾಗಲಿ. ಇದಕ್ಕೆ ತೆರಿಗೆದಾರನ ಒಂದು ರೂಪಾಯಿಯೂ ಬೇಕಿಲ್ಲ.